ಕುಲಕಸುಬಿನ ಕಾಲಂ

2025ರ ದಸರಾ ಹೊತ್ತಿನಲ್ಲಿ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆಂದು ನಮ್ಮ ಮನೆಗೆ ಮೇಷ್ಟ್ರೊಬ್ಬರು ಬಂದರು. ಕರೆಂಟ್ ಮೀಟರಿನ ಪಕ್ಕ ಮೊದಲೇ ಅಂಟಿಸಿ ಹೋಗಿದ್ದ ಚೀಟಿಯ ನಂಬರು ನೋಡಿಕೊಂಡು ಜಗಲಿಯಲ್ಲೇ ಕುರ್ಚಿ ಎಳೆದುಕೊಂಡು ಕೂತರು. ಒಟ್ಟು 60 ಪ್ರಶ್ನೆ. ಮೊಬೈಲಿನ ಆ್ಯಪ್ ನಡುನಡುವೆ ನಿಂತುಬಿಡುತ್ತಿತ್ತು. ಅವರು ಬೇಸರಿಸದೆ ಗೇಟಿನವರೆಗೆ ಹೋಗಿ ನೆಟ್‌ವರ್ಕ್ ಹಿಡಿದುಕೊಂಡು ಬರುತ್ತಿದ್ದರು. ಧರ್ಮ, ಜಾತಿ, ಉಪಜಾತಿ, ಮಾತೃಭಾಷೆ ಎಲ್ಲ ಆಯಿತು. "ಕುಟುಂಬದ ಕುಲಕಸುಬು ಯಾವುದು ಸಾರ್?" ಎಂದರು. "ಕುಂಬಾರಿಕೆ" ಎಂದೆ. "ಮುಂದುವರಿದಿದೆಯಾ?" "ಇಲ್ಲ, ನಮ್ಮ ತಂದೆ ಕಾಲಕ್ಕೇ ನಿಂತುಹೋಯಿತು." ಬೆರಳಿನಿಂದ ಒತ್ತಿ ಮುಂದಿನ ಪ್ರಶ್ನೆಗೆ ಹೋದರು.

ಮಾಹಿತಿ ಕೊಡುವುದು ಕಡ್ಡಾಯವಲ್ಲವೆಂದು ಹೈಕೋರ್ಟು ಹೇಳಿದ್ದರಿಂದ ನಮ್ಮ ಬೀದಿಯಲ್ಲೇ ಕೆಲವರು ಅವರನ್ನು ಬಾಗಿಲಿನಿಂದಲೇ ವಾಪಸು ಕಳಿಸಿದ್ದರು. ನಾನು ಎಲ್ಲಕ್ಕೂ ಉತ್ತರ ಹೇಳಿದೆ. ನಮ್ಮ ದೇಶದಲ್ಲಿ ಎಲ್ಲ ಜಾತಿಗಳನ್ನೂ ಎಣಿಸಿ ಲೆಕ್ಕ ಕೊಟ್ಟ ಕೊನೆಯ ಜನಗಣತಿ 1931ರದ್ದು. ಎಣಿಸದೆ ಬಿಟ್ಟರೆ ಜಾತಿ ತಾನಾಗಿ ಹೋಗುತ್ತದೆ ಎಂಬ ಮಾತನ್ನು ನಾನು ನಂಬುವುದಿಲ್ಲ. ಅದು ಹೋಗದೆ ಉಳಿದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಆದರೆ ಮೇಷ್ಟ್ರು ಹೋದಮೇಲೂ ನನ್ನ ಮನಸ್ಸು ಆ ಎರಡು ಪ್ರಶ್ನೆಗಳ ನಡುವೆಯೇ ಉಳಿಯಿತು. ಕಸುಬು ಹೋಗಿ ಐವತ್ತು ವರ್ಷ ಕಳೆದಿದೆ, ಹೆಸರು ಹೋಗಿಲ್ಲ. ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡುತ್ತಲೇ ನನ್ನ ನೌಕರಿ ಮುಗಿಯಿತು. ಮನುಷ್ಯನಿಗೆ ತಾನು ಇಂಥವನೆಂಬ ತಿಳಿವಳಿಕೆ ಎಲ್ಲಿಂದ ಬರುತ್ತದೆ ಎನ್ನುವ ಅಧ್ಯಾಯವನ್ನು ವರ್ಷ ವರ್ಷವೂ ಮಾಡಿದ್ದೇನೆ. ಚಾರ್ಲ್ಸ್ ಕೂಲಿ, ಜಾರ್ಜ್ ಹರ್ಬರ್ಟ್ ಮೀಡ್, ಅರ್ವಿಂಗ್ ಗಾಫ್‌ಮನ್ ಎಂದು ಬೋರ್ಡಿನ ಮೇಲೆ ಹೆಸರು ಬರೆಯುವಾಗಲೆಲ್ಲ ನನ್ನ ಕಣ್ಣ ಮುಂದೆ ಇರುತ್ತಿದ್ದದ್ದು ನಮ್ಮ ಊರಿನ ಅಂಗಳ. ಅದನ್ನೇ ಈಗ ಬರೆಯುತ್ತಿದ್ದೇನೆ.

ನಮ್ಮದು ತಿಪಟೂರು, ಅರಸೀಕೆರೆ ನಡುವಿನ ತೆಂಗಿನ ಸೀಮೆ. ಊರಿನಲ್ಲಿ ಕುಂಬಾರರ ಮನೆ ಮೂರೇ ಮೂರು. ತಾತನ ತಿಗರಿ ಹಿತ್ತಿಲ ಚಪ್ಪರದಡಿ ಇತ್ತು. ಕೋಲು ಹಾಕಿ ಜೋರಾಗಿ ತಿರುಗಿಸಿ, ಅದರ ಓಟ ಇಳಿಯುವುದರೊಳಗೆ ಅವನು ಮಡಕೆಯ ಬಾಯಿ, ಕೊರಳು, ಹೆಗಲು ಎತ್ತಿಬಿಡುತ್ತಿದ್ದ. ತಿಗರಿಯಿಂದ ಇಳಿಯುವಾಗ ಮಡಕೆಗೆ ತಳ ಇರುವುದಿಲ್ಲ. ನೆರಳಿನಲ್ಲಿ ಅರೆ ಒಣಗಿದ ಮೇಲೆ ಒಳಗೆ ದುಂಡುಕಲ್ಲು ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟಿ ತಟ್ಟಿ ತಳ ಕೂಡಿಸಬೇಕು. ಆ ಸದ್ದು ಬೇಸಗೆಯ ಮಧ್ಯಾಹ್ನವೆಲ್ಲ ಕೇರಿಗೆ ಕೇಳುತ್ತಿತ್ತು. ಆವಿಗೆಗೆ ತೆಂಗಿನ ಮಟ್ಟೆ, ಸೋಗೆ, ಕರಟವೇ ಸೌದೆ.

ಸುಗ್ಗಿ ಬಂದರೆ ತಾತ ಕಣದಿಂದ ಕಣಕ್ಕೆ ಹೋಗಿ ಆಯ ತರುತ್ತಿದ್ದ. ವರ್ಷವಿಡೀ ಕೊಟ್ಟ ಮಡಕೆ ಕುಡಿಕೆಗಳಿಗೆ ಪ್ರತಿಯಾಗಿ ಇಷ್ಟು ರಾಗಿ ಎಂಬ ಕಟ್ಟು. ನನ್ನನ್ನೂ ಚೀಲ ಹಿಡಿಯಲು ಕರೆದೊಯ್ಯುತ್ತಿದ್ದ. ಅಂಥ ಒಂದು ಕಣದಲ್ಲಿ, ದೊಡ್ಡ ಮನೆಯ ಹುಡುಗ, ನನ್ನದೇ ಕ್ಲಾಸಿನವನು, ರಾಗಿ ರಾಶಿಯ ಪಕ್ಕ ನಿಂತು ಕೂಗಿದ: "ಲೋ ಕುಂಬಾರ, ಚೀಲಾನ ಈ ಕಡೆ ಹಿಡಿಯೋ." ತಾತನಿಗೆ ಆಗ ಅರವತ್ತು ದಾಟಿತ್ತು. "ಹಿಡೀತೀನಿ ಬುದ್ಧಿ" ಎಂದು ಹಿಡಿದ. ಅವನ ಮುಖದಲ್ಲಿ ಏನೂ ಬದಲಾಗಲಿಲ್ಲ. ಅವನಿಗೆ ಅದು ಗಾಳಿ ಬೀಸಿದಷ್ಟೇ ಸಹಜವಾಗಿತ್ತು. ಆ ಹುಡುಗನಿಗೂ ಹಾಗೇ, ಅವನ ಮನಸ್ಸಿನಲ್ಲಿ ಕೆಡುಕಿರಲಿಲ್ಲ, ಮನೆಯಲ್ಲಿ ಕೇಳಿ ಕಲಿತ ಮಾತನ್ನು ಆಡಿದ್ದ. ಮುಖ ಬಿಸಿಯಾದದ್ದು ನನಗೊಬ್ಬನಿಗೆ. ಆವರೆಗೆ ನನ್ನ ಪಾಲಿಗೆ ತಾತನೆಂದರೆ ಮಣ್ಣಿನಿಂದ ಏನು ಬೇಕಾದರೂ ಮಾಡಬಲ್ಲ ದೊಡ್ಡ ಮನುಷ್ಯ. ಆ ಕಣದಲ್ಲಿ ಅವನನ್ನು ಇನ್ನೊಬ್ಬರ ಕಣ್ಣಿನಿಂದ ನೋಡಿದೆ, ಆ ಕಣ್ಣು ನನ್ನ ಮೇಲೂ ಇದೆಯೆಂದು ತಿಳಿಯಿತು. ತಾತನಿಗೂ ಒಂದು ಹೆಸರಿತ್ತು. ಊರಿನಲ್ಲಿ ಅದನ್ನು ಹಿಡಿದು ಕರೆದವರನ್ನು ನಾನು ಕಾಣೆ, ಅಜ್ಜಿಯ ತವರಿನವರು ಬಂದಾಗ ಮಾತ್ರ ಅದು ಕೇಳಿಸುತ್ತಿತ್ತು.

ಅಮೆರಿಕದ ಮಿಶಿಗನ್ನಿನಲ್ಲಿದ್ದ ಕೂಲಿ 1902ರ ತನ್ನ ಪುಸ್ತಕದಲ್ಲಿ ಇದನ್ನೇ ಮೂರು ಹಂತವಾಗಿ ಹೇಳಿದ. ನಾನು ಇನ್ನೊಬ್ಬರಿಗೆ ಹೇಗೆ ಕಾಣುತ್ತೇನೆಂದು ಊಹಿಸುತ್ತೇನೆ, ಕಂಡದ್ದನ್ನು ಅವರು ಹೇಗೆ ಅಳೆಯುತ್ತಾರೆಂದು ಊಹಿಸುತ್ತೇನೆ, ಆ ಊಹೆಯಿಂದ ಹೆಮ್ಮೆಯನ್ನೋ ಅವಮಾನವನ್ನೋ ಪಡುತ್ತೇನೆ. ಹಾಗೆ ಹುಟ್ಟುವುದೇ 'ನಾನು'. ತನ್ನ ಮಕ್ಕಳನ್ನೇ ಹತ್ತಿರದಿಂದ ಗಮನಿಸಿ, ಅವರು ನಾನು, ನನ್ನದು ಎನ್ನುವುದನ್ನು ಯಾವಾಗ, ಹೇಗೆ ಕಲಿಯುತ್ತಾರೆಂದು ಅವನು ಬರೆದುಕೊಂಡ. ಅವನು ಹೇಳಿದ್ದು ನಿಜ. ಆದರೆ ಕೂಲಿಯ ತಂದೆ ಆ ರಾಜ್ಯದ ಸುಪ್ರೀಂ ಕೋರ್ಟಿನ ನ್ಯಾಯಾಧೀಶ. ಅಂಥ ಮನೆಯ ಮಗುವನ್ನು ನೋಡುವ ಕಣ್ಣುಗಳಲ್ಲಿ ಮಮತೆಯೇ ಹೆಚ್ಚು. ನೋಡುವವನು ಮೇಲೆ, ನೋಡಿಸಿಕೊಳ್ಳುವವನು ಕೆಳಗೆ ಎಂದು ಹುಟ್ಟುವ ಮೊದಲೇ ತೀರ್ಮಾನವಾಗಿರುವ ಕಡೆ ಆ ಮೂರು ಹಂತಗಳು ಏನಾಗುತ್ತವೆಂಬುದು ಆ ಪುಸ್ತಕದಲ್ಲಿ ನನಗೆ ಸಿಗಲಿಲ್ಲ. ಸಿಕ್ಕಿದ್ದು ಅಂಬೇಡ್ಕರರ ಬರಹದಲ್ಲಿ.

1901ರ ಸುಮಾರಿಗೆ ಅವರಿಗೆ ಇನ್ನೂ ಹತ್ತರ ಆಸುಪಾಸು. ಸಾತಾರಾದಿಂದ ಅಣ್ಣ ಮತ್ತು ಅಕ್ಕನ ಮಕ್ಕಳೊಂದಿಗೆ ರೈಲು ಹತ್ತಿ, ಕೆಲಸದ ಮೇಲೆ ಬೇರೆ ಊರಿನಲ್ಲಿದ್ದ ತಂದೆಯ ಹತ್ತಿರ ಹೊರಟಿದ್ದರು. ಮಸೂರ್ ಎಂಬ ಸ್ಟೇಷನ್ನಿನಲ್ಲಿ ಇಳಿದರು. ಒಳ್ಳೆಯ ಹೊಸ ಬಟ್ಟೆ ತೊಟ್ಟ ಮಕ್ಕಳನ್ನು ಕಂಡ ಸ್ಟೇಷನ್ ಮಾಸ್ತರ ಅಕ್ಕರೆಯಿಂದಲೇ ವಿಚಾರಿಸಿದ. ಯಾರ ಮಕ್ಕಳೆಂದಾಗ ಇವರು ತಾವು ಮಹಾರರೆಂದು ಹೇಳಿಬಿಟ್ಟರು. ಮಾಸ್ತರನ ಮುಖವೇ ಬದಲಾಯಿತು, ತಿರುಗಿ ತನ್ನ ಕೋಣೆಗೆ ಹೋಗಿಬಿಟ್ಟ. ಮಕ್ಕಳು ಅವೇ, ಬಟ್ಟೆ ಅದೇ, ಪ್ಲಾಟ್‌ಫಾರ್ಮೂ ಅದೇ. ಬದಲಾದದ್ದು ಒಂದು ಹೆಸರು. ಸಾಮಾಜಿಕ ಕಳಂಕದ ಬಗ್ಗೆ ಗಾಫ್‌ಮನ್ ಪುಸ್ತಕ ಬಂದದ್ದು 1963ರಲ್ಲಿ. ಅದರಲ್ಲಿ ಇರುವ ಬಹಳಷ್ಟು ಸಂಗತಿ ಆ ಪುಟ್ಟ ಸ್ಟೇಷನ್ನಿನಲ್ಲಿ ನಡೆದುಹೋಗಿತ್ತು.

ಅಂಬೇಡ್ಕರರ ಆ ಬರಹವನ್ನು ಮೊದಲ ಸಲ ಓದಿದಾಗ ನನಗೆ ಮಾಸ್ತರನ ಜಾಗದಲ್ಲಿ ಕಂಡದ್ದು ನಮ್ಮ ತಾತ.

ಮಡಕೆ ಕೊಳ್ಳಲು ಬಂದವರು ಅದನ್ನು ಎತ್ತಿ, ಬೆರಳ ಗೆಣ್ಣಿನಿಂದ ಬಡಿದು ನೋಡುತ್ತಾರೆ. ಟಣ್ಣೆಂದರೆ ಗಟ್ಟಿ, ಒಡಕು ಸದ್ದು ಬಂದರೆ ಬಿರುಕಿದೆ ಎಂದು ಲೆಕ್ಕ. ಊರಿನವರೆಲ್ಲ ಹಾಗೆ ಹತ್ತಾರು ಮಡಕೆ ಬಡಿದು ಆರಿಸಿಕೊಂಡು ಹೋಗುತ್ತಿದ್ದರು. ಹೊರಗೇರಿಯವರು ಬಂದರೆ ಅಂಗಳದ ಅಂಚಿನ ಹೊಂಗೆಮರದ ಹತ್ತಿರ ನಿಲ್ಲುತ್ತಿದ್ದರು. ಮಣ್ಣಿನ ಪಾತ್ರೆಗೆ ಒಂದು ಕಟ್ಟಳೆಯಿತ್ತು. ತಾಮ್ರ, ಹಿತ್ತಾಳೆಗೆ ಮೈಲಿಗೆಯಾದರೆ ಹುಣಿಸೆಹಣ್ಣು ಹಚ್ಚಿ ತೊಳೆದರೆ ಸಾಕು, ಮಣ್ಣಿನದನ್ನು ತೊಳೆದು ಮಡಿ ಮಾಡಲು ಬರುವುದಿಲ್ಲ, ಒಡೆದೇ ಹಾಕಬೇಕು. ಸಾವಾದ ಮನೆಯವರು ಸೂತಕ ಕಳೆದು ಹೊಸ ಮಡಕೆಗೆ ನಮ್ಮಲ್ಲಿಗೆ ಬರುತ್ತಿದ್ದದ್ದೂ ಅದರಿಂದಲೇ. ಹಾಗಾಗಿ ಹೊರಗೇರಿಯವರು ಮುಟ್ಟಿದ ಮಡಕೆಯನ್ನು ಆಮೇಲೆ ಯಾರೂ ಕೊಳ್ಳುತ್ತಿರಲಿಲ್ಲ. ತಾತನೇ ಒಂದನ್ನು ಆರಿಸಿ ತಂದು ನೆಲದ ಮೇಲಿಟ್ಟು ಹಿಂದಕ್ಕೆ ಬರುತ್ತಿದ್ದ. ಒಂದು ಸಂಜೆ ನನ್ನ ಕ್ಲಾಸಿನ ಇನ್ನೊಬ್ಬ ಹುಡುಗನ ತಾಯಿ ಮರದ ಹತ್ತಿರ ನಿಂತು, "ಸದ್ದು ನೋಡಿ ಕೊಡಿ ಅಯ್ಯಾ, ಹೋದ್ಸಲದ್ದು ಸೋರ್ತಿತ್ತು" ಎಂದಳು. ತಾತ ಇದ್ದಲ್ಲೇ ಮಡಕೆ ಎತ್ತಿ ಹಿಡಿದು ಬಡಿದ. "ಕೇಳಿಸ್ತಾ?" ಎಂದ. ಅವಳು ಅಷ್ಟು ದೂರದಿಂದ ತಲೆಯಾಡಿಸಿದಳು. ಆಮೇಲೆ ತಂದು ಇಟ್ಟ, ಅವಳು ಎತ್ತಿಕೊಂಡು ಹೋದಳು.

ತಾತನನ್ನು ನಾನು ತುಂಬ ಪ್ರೀತಿಸಿದವನು. ಆವಿಗೆ ಬಿಚ್ಚಿದ ದಿನ ಮೊದಲ ಪುಟ್ಟ ಕುಡಿಕೆಯನ್ನು ನನಗೇ ಕೊಡುತ್ತಿದ್ದ, ಜ್ವರ ಬಂದರೆ ರಾತ್ರಿಯೆಲ್ಲ ಹತ್ತಿರ ಕೂತಿರುತ್ತಿದ್ದ. ಕಣದಲ್ಲಿ ಅವನಿಗೆ ಆದದ್ದನ್ನು ನೆನೆದರೆ ಇವತ್ತೂ ಸಂಕಟವಾಗುತ್ತದೆ. ಆ ಸಂಕಟದ ಜೊತೆಗೇ ಹೊಂಗೆಮರದ ಹತ್ತಿರ ನಿಂತ ಆ ತಾಯಿಯನ್ನೂ ನೆನೆಯದೆ ಹೋದರೆ ನಮ್ಮ ಮನೆಯ ಕಥೆ ಅರ್ಧ ಮಾತ್ರ ಆಗುತ್ತದೆ. ಮೇಲಿನವರ ಬಾಯಲ್ಲಿ ತಾನು ಏನಾಗಿದ್ದನೋ ಅದನ್ನೇ ಕೆಳಗಿನವರಿಗೆ ದಾಟಿಸಿದ್ದರಿಂದ ತಾತ ಊರಿನಲ್ಲಿ ಒಂದು ಸ್ಥಾನ ಉಳಿಸಿಕೊಂಡಿದ್ದ. ಗುರುತು ಎಂಬುದು ಹೀಗೆ ಏಣಿಯ ಮೇಲೆ ನಿಂತೇ ಸಿಗುತ್ತಿತ್ತು.

ನಮ್ಮ ಮನೆಯೊಳಗೂ ಇನ್ನೊಂದು ಏಣಿ. ಕೆರೆಯಿಂದ ಮಣ್ಣು ಹೊತ್ತು ತರುವುದು, ಕುಟ್ಟಿ ಜರಡಿ ಹಿಡಿಯುವುದು, ಬೂದಿ ಮರಳು ಬೆರೆಸಿ ತುಳಿದು ಹದ ಮಾಡುವುದು, ಒಣಗಲಿಟ್ಟದ್ದನ್ನು ಬಿಸಿಲು ನೋಡಿ ನೋಡಿ ತಿರುಗಿಸುವುದು, ಆವಿಗೆ ಜೋಡಿಸುವುದು, ತಲೆಯ ಮೇಲೆ ಮಂಕರಿ ಹೊತ್ತು ಸಂತೆಗೆ ಹೋಗಿ ಮಾರುವುದು, ಇದೆಲ್ಲ ಅವ್ವ ಮತ್ತು ಅಜ್ಜಿಯ ಪಾಲು. ತಿಗರಿ ಮಾತ್ರ ಹೆಂಗಸರು ಮುಟ್ಟುವ ಹಾಗಿಲ್ಲ. ಮಡಕೆ ಮಾಡುವವರು ಯಾರು ಎಂದರೆ ಎಲ್ಲರೂ ತಾತನನ್ನೂ ಅಪ್ಪನನ್ನೂ ತೋರಿಸುತ್ತಿದ್ದರು. ರೇಷನ್ ಕಾರ್ಡಿಗೆಂದು ಅವ್ವನ ಕಸುಬು ಕೇಳಿದವರಿಗೆ ಅಪ್ಪ ಹೇಳಿ ಬರೆಸಿದ್ದು "ಮನೆಕೆಲಸ". ಪಕ್ಕದಲ್ಲೇ ನಿಂತಿದ್ದ ಅವ್ವನ ಅಂಗೈಯಲ್ಲಿ ಆ ಹೊತ್ತಿಗೂ ಜೇಡಿ ಒಣಗಿತ್ತು.

ಮೀಡ್ ಪಾಠ ಮಾಡುವಾಗ ನನಗೆ ಯಾವಾಗಲೂ ಚಿನ್ನಿದಾಂಡು ನೆನಪಾಗುತ್ತಿತ್ತು. ಅವನು 1931ರಲ್ಲಿ ತೀರಿಕೊಂಡ ಮೇಲೆ ಶಿಷ್ಯರು ಪಾಠದ ಟಿಪ್ಪಣಿಗಳಿಂದ ಸೇರಿಸಿದ ಪುಸ್ತಕ 1934ರಲ್ಲಿ ಬಂತು. ಅದರಲ್ಲಿ ಅವನು ಬೇಸ್‌ಬಾಲ್ ಉದಾಹರಣೆ ಕೊಡುತ್ತಾನೆ. ಆಟಕ್ಕೆ ಇಳಿದ ಹುಡುಗನಿಗೆ ತನ್ನ ಜಾಗವಷ್ಟೇ ತಿಳಿದಿದ್ದರೆ ಸಾಲದು, ಉಳಿದ ಎಲ್ಲರೂ ಏನು ಮಾಡುತ್ತಾರೆಂದು ತಿಳಿದಿರಬೇಕು. ಹಾಗೆ ಎಲ್ಲರ ಜಾಗದಲ್ಲೂ ನಿಂತು ತನ್ನನ್ನು ನೋಡಿಕೊಳ್ಳಲು ಕಲಿತಾಗ ಸಮಾಜ ಅವನೊಳಗೆ ಬಂದು ಕೂರುತ್ತದೆ. ನಮ್ಮೂರ ಮೈದಾನದಲ್ಲಿ ನಾವು ಕಲಿತದ್ದೂ ಅದೇ. ದೊಡ್ಡ ಮನೆಯ ಹುಡುಗ ಔಟಾದರೂ ಇನ್ನೊಂದು ಹೊಡೆತ ಕೊಡಬೇಕು, ನಾನು ಔಟಾದರೆ ಔಟೇ, ಹೊರಗೇರಿಯ ಹುಡುಗರು ಬೇಲಿಯಾಚೆ ಬಿದ್ದ ಚಿನ್ನಿಯನ್ನು ಹುಡುಕಿ ಎಸೆಯಬಹುದು. ಈ ನಿಯಮಗಳನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಪ್ರತಿಯೊಬ್ಬನಿಗೂ ತನ್ನದರ ಜೊತೆಗೆ ಉಳಿದವರದ್ದೂ ಗೊತ್ತಿತ್ತು.

ಶಾಲೆ ಈ ಲೆಕ್ಕವನ್ನು ಕದಲಿಸಿತು, ಪೂರ್ತಿ ಅಲ್ಲದಿದ್ದರೂ. ಹೈಸ್ಕೂಲಿನಲ್ಲಿ ಕನ್ನಡ ಪಂಡಿತರೊಬ್ಬರಿದ್ದರು. ಒಂದು ದಿನ ಪಠ್ಯದಲ್ಲಿ ಇಲ್ಲದಿದ್ದರೂ ಹರಿಹರನ ಕುಂಬಾರ ಗುಂಡಯ್ಯನ ರಗಳೆಯ ಕಥೆ ಹೇಳಿದರು. ಗುಂಡಯ್ಯ ಭಕ್ತಿಯಲ್ಲಿ ಮೈಮರೆತು ಮಡಕೆ ಬಡಿಯುತ್ತಾನೆ, ಆ ತಾಳಕ್ಕೆ ಶಿವನೇ ಬಂದು ಕುಣಿಯುತ್ತಾನೆ. ಪಂಡಿತರು ಮೇಜನ್ನೇ ಬಡಿದು ತಾಳ ತೋರಿಸಿದರು. ನನ್ನ ಕಡೆಗೆ ತಿರುಗಿಯೂ ನೋಡಲಿಲ್ಲ. ಅವರಿಗೆ ನಾನು ಯಾರ ಮನೆಯವನೆಂದು ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದೇ ಹೇಳಿದ್ದೆಂದು ಈಗ ಅನ್ನಿಸುತ್ತದೆ. ಅವತ್ತು ಮನೆಗೆ ಹೋಗುವಾಗ ದೊಡ್ಡ ಮನೆಯ ಹುಡುಗ ಕೇಳಿದ: "ನಿಮ್ ತಾತನೂ ಹಂಗೇ ಬಡೀತಾರೇನೋ?" ಕಣದಲ್ಲಿ ಹಿಡಿಯೋ ಎಂದವನು ಬಡೀತಾರೆ ಎಂದಿದ್ದ. ಎಂಟು ನೂರು ವರ್ಷದ ಹಿಂದಿನ ಒಂದು ಕಥೆ ಆ ಹುಡುಗನ ನಾಲಿಗೆಯನ್ನು ತಿದ್ದಿತು. ಜನರ ಬಗ್ಗೆ ಯಾವ ಕಥೆ ಹೇಳುತ್ತೇವೆಂಬುದು ಸಣ್ಣ ಸಂಗತಿಯಲ್ಲವೆಂದು ನಾನು ಕಲಿತದ್ದು ಆ ದಾರಿಯಲ್ಲಿ.

ಅದೇ ಶಾಲೆಯಲ್ಲಿ ವರ್ಷಕ್ಕೊಮ್ಮೆ ಇನ್ನೊಂದು ನಡೆಯುತ್ತಿತ್ತು. ಸ್ಕಾಲರ್‌ಶಿಪ್ ಅರ್ಜಿ ಬಂದಾಗ ಗುಮಾಸ್ತರು ತರಗತಿಯ ಬಾಗಿಲಲ್ಲಿ ನಿಂತು, "ಹರಿಜನ ಹುಡುಗರು ಎದ್ದು ನಿಲ್ಲಿ" ಎನ್ನುತ್ತಿದ್ದರು. ಹೊಂಗೆಮರದ ಹತ್ತಿರ ನಿಂತಿದ್ದ ತಾಯಿಯ ಮಗ ಎದ್ದು ನಿಲ್ಲುತ್ತಿದ್ದ. ಕ್ಲಾಸಿನಲ್ಲಿ ಲೆಕ್ಕಕ್ಕೆ ಅವನೇ ಮೊದಲು. ನಿಂತಾಗ ಅವನು ಡೆಸ್ಕಿನ ಮೇಲೆ ಕೊರೆದಿದ್ದ ಅಕ್ಷರಗಳನ್ನು ನೋಡುತ್ತಿದ್ದ, ತಲೆ ಎತ್ತುತ್ತಿರಲಿಲ್ಲ. ಗುಮಾಸ್ತರು ಎಣಿಸಿ, ಬರೆದುಕೊಂಡು, "ಕೂತ್ಕೊಳ್ಳಿ" ಎನ್ನುವವರೆಗೆ ಅವನ ಹೆಸರು, ಅವನ ಲೆಕ್ಕ, ಅವನ ನಗೆಚಾಟಿಕೆ ಯಾವುದೂ ಉಳಿಯುತ್ತಿರಲಿಲ್ಲ. ಆ ದುಡ್ಡಿನಿಂದಲೇ ಅವನು ಓದಿದ. ದುಡ್ಡು ಕೊಟ್ಟದ್ದು ಸರಿ, ಕೊಟ್ಟ ರೀತಿ ಅನ್ಯಾಯ ಎಂಬುದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ನಮ್ಮ ಸರದಿ ಆಮೇಲೆ ಬಂತು. ಮೈಸೂರು ಸರ್ಕಾರದ 1963ರ ಆದೇಶದ ಪ್ರಕಾರ ಎಂಜಿನಿಯರಿಂಗ್, ವೈದ್ಯಕೀಯ ಸೀಟಿಗೆ ಹಿಂದುಳಿದವರೆಂದರೆ ವರ್ಷಕ್ಕೆ 1,200 ರೂಪಾಯಿಯೊಳಗೆ ವರಮಾನವಿದ್ದು, ವ್ಯವಸಾಯ, ಕುಶಲಕರ್ಮ, ಸಣ್ಣ ವ್ಯಾಪಾರ, ಕೆಳದರ್ಜೆಯ ನೌಕರಿ, ಮೈಮುರಿದು ದುಡಿಯುವ ಕೆಲಸ ಇವುಗಳಲ್ಲಿ ಯಾವುದನ್ನಾದರೂ ಮಾಡುವವರು. ಜಾತಿಯ ಮಾತು ಅದರಲ್ಲಿ ಇರಲಿಲ್ಲ. ನನ್ನ ಸೋದರಮಾವನ ಮಗ ಅರ್ಜಿಯಲ್ಲಿ ತಂದೆಯ ಕಸುಬಿನ ಎದುರು ಕುಶಲಕರ್ಮಿ ಎಂದು ಬರೆದಿದ್ದ. ದೇವರಾಜ ಅರಸರು 1972ರಲ್ಲಿ ನೇಮಿಸಿದ ಹಾವನೂರು ಆಯೋಗ 1975ರಲ್ಲಿ ವರದಿ ಕೊಟ್ಟಿತು, 1977ರಲ್ಲಿ ಅದನ್ನು ಆಧರಿಸಿ ಹೊಸ ಆದೇಶ ಬಂತು. ನಾನು ಅರ್ಜಿ ಹಾಕುವಾಗ ಕೇಳಿದ್ದು ಜಾತಿ. ನಮ್ಮಿಬ್ಬರ ಮನೆಯಲ್ಲೂ ಒಂದೇ ಬಡತನ, ಒಂದೇ ಮಣ್ಣು. ಸರ್ಕಾರದ ಕಾಗದದಲ್ಲಿ ಅವನು ಕಸುಬಿನಿಂದ ಹಿಂದುಳಿದವನು, ನಾನು ಹುಟ್ಟಿನಿಂದ. ಎರಡನೆಯದೇ ನಮ್ಮ ನಾಡಿನ ವಾಸ್ತವಕ್ಕೆ ಹತ್ತಿರವೆಂದು ನನ್ನ ಅನುಭವ ಹೇಳುತ್ತದೆ. ಅಪ್ಪ ಕುಂಬಾರಿಕೆ ಬಿಟ್ಟು ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊರಲು ನಿಂತಮೇಲೂ ಅವನು ಕುಂಬಾರನೇ ಆಗಿದ್ದ. ಮೊದಲು ಅಲ್ಯೂಮಿನಿಯಂ, ಆಮೇಲೆ ಸ್ಟೀಲು, ಕೊನೆಗೆ ಪ್ಲಾಸ್ಟಿಕ್ ಕೊಡ ಬಂದು ತಿಗರಿಯನ್ನು ನಿಲ್ಲಿಸಿದವು. ಹೆಸರನ್ನು ಯಾವ ಪ್ಲಾಸ್ಟಿಕ್ಕೂ ನಿಲ್ಲಿಸಲಿಲ್ಲ.

ಎಂ.ಎ. ಓದಲು ಮಾನಸಗಂಗೋತ್ರಿಗೆ ಹೋದೆ. ಹಾಸ್ಟೆಲಿನಲ್ಲಿ ಒಂದು ರಾತ್ರಿ ಊಟವಾದಮೇಲೆ ಹುಡುಗರು ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ತಮ್ಮ ತಮ್ಮ ಜಾತಿ ಎಲ್ಲಿದೆಯೆಂದು ಹುಡುಕುತ್ತಿದ್ದರು. ಆಗ ತಿಳಿದದ್ದು, ನಮ್ಮ ಸಾಲಿನಲ್ಲೇ ಕುಂಬಾರರು ಹಲವರಿದ್ದಾರೆ ಎಂದು. ಮಂಗಳೂರು ಕಡೆಯವನು ಕುಲಾಲ, ಮನೆಮಾತು ತುಳು. ಕೋಲಾರದವನ ಮನೆಯಲ್ಲಿ ತೆಲುಗು. ಅಂಕೋಲೆಯ ಕಡೆಯವನು ಗುನಗ, ಅವರಲ್ಲಿ ಕುಂಬಾರನೇ ಊರದೇವರ ಪೂಜಾರಿ. "ನಮ್ಮ ಅಪ್ಪ ಪ್ರಸಾದ ಕೊಟ್ಟರೆ ಊರೆಲ್ಲ ಕೈಯೊಡ್ಡಿ ತಗೊಳ್ತದೆ ಮಾರಾಯಾ" ಎಂದು ಅವನು ಸಲೀಸಾಗಿ ಹೇಳಿದ. ನನಗೆ ನಂಬಲಾಗಲಿಲ್ಲ. ಅದೇ ಮಣ್ಣು, ಅದೇ ಚಕ್ರ. ಅವನು ತಲೆಯೆತ್ತಿ ಬೆಳೆದಿದ್ದ, ನಾನು ಕಣದಲ್ಲಿ ಚೀಲ ಹಿಡಿದು ಬೆಳೆದಿದ್ದೆ. ಕಸುಬಿನಲ್ಲೇ ಕೀಳಿರುವುದಾಗಿದ್ದರೆ ಅವನಿಗೂ ತಟ್ಟಬೇಕಿತ್ತು.

ನಮ್ಮ ಮನೆಗಳ ನಡುವೆ ಹೆಣ್ಣು ಕೊಟ್ಟು ತಂದ ಮಾತೇ ಇರಲಿಲ್ಲ, ಒಬ್ಬರ ಹಬ್ಬ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಪಟ್ಟಿ ನಮ್ಮನ್ನು ಒಂದು ಮಾಡಿತ್ತು. ಕೆಲವೇ ತಿಂಗಳಲ್ಲಿ ನಾವು 'ನಮ್ಮವರು' ಎನ್ನತೊಡಗಿದೆವು, ಸಂಘದ ಸಭೆಗೆ ಒಟ್ಟಿಗೆ ಹೋದೆವು. ಇದು ನಮ್ಮೊಬ್ಬರ ಕಥೆಯೂ ಅಲ್ಲ. 1901ರ ಜನಗಣತಿ ನಡೆಸಿದ ಬ್ರಿಟಿಷ್ ಅಧಿಕಾರಿ ರಿಸ್ಲಿ ಜಾತಿಗಳನ್ನು ಮೇಲು ಕೀಳೆಂದು ಸಾಲಾಗಿ ನಿಲ್ಲಿಸಲು ಹೊರಟಾಗ ದೇಶದ ತುಂಬ ಜಾತಿಸಂಘಗಳು ಅರ್ಜಿ ಹಿಡಿದು ಬಂದವು. ನಮ್ಮಲ್ಲೇ ವೀರಶೈವ ಮಹಾಸಭೆ 1904ರಲ್ಲಿ, ಒಕ್ಕಲಿಗರ ಸಂಘ 1906ರಲ್ಲಿ ಹುಟ್ಟಿದವು. ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರಿಗೆ ಪಾಲು ಕೊಡುವ ದಾರಿ ಹುಡುಕಲು ಮೈಸೂರು ಸಂಸ್ಥಾನ 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿತು. ಹಾಸ್ಟೆಲು, ಪತ್ರಿಕೆ, ವಿದ್ಯಾರ್ಥಿವೇತನ ಎಲ್ಲ ಈ ಹೊಸ 'ನಾವು'ಗಳ ಸುತ್ತಲೇ ಬೆಳೆದವು. ಅವುಗಳಿಂದ ಲಕ್ಷಾಂತರ ಬಡ ಮಕ್ಕಳು ಓದಿದರು ಎಂಬುದನ್ನು ಮರೆತು ಮಾತನಾಡುವುದು ನನ್ನಿಂದ ಆಗದು.

ಆ ವರ್ಷಗಳಲ್ಲೇ ಮನೋವಿಜ್ಞಾನಿ ಹೆನ್ರಿ ತಾಜ್‌ಫೆಲ್‌ನ ಬರಹ ಓದಿದೆ. ಪೋಲೆಂಡಿನ ಯಹೂದಿ, ಫ್ರೆಂಚ್ ಸೈನ್ಯದಲ್ಲಿದ್ದು ಜರ್ಮನರ ಸೆರೆಯಾದವನು. ಯುದ್ಧ ಮುಗಿದು ಹೊರಬಂದಾಗ ಅವನ ಮನೆಯವರಲ್ಲಿ ಹೆಚ್ಚುಕಡಿಮೆ ಯಾರೂ ಬದುಕಿರಲಿಲ್ಲ. ಮುಂದೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಶಾಲಾ ಹುಡುಗರನ್ನು, ಇಬ್ಬರು ಚಿತ್ರಕಾರರಲ್ಲಿ ಯಾರ ಚಿತ್ರ ಇಷ್ಟ ಎಂಬ ನೆಪದ ಮೇಲೆ ಎರಡು ಗುಂಪು ಮಾಡಿದ. ಗುಂಪಿನಲ್ಲಿ ಯಾರಿದ್ದಾರೆಂದೂ ಅವರಿಗೆ ಗೊತ್ತಿರಲಿಲ್ಲ. ಆದರೂ ದುಡ್ಡು ಹಂಚು ಎಂದಾಗ ತಮ್ಮ ಗುಂಪಿಗೆ ಹೆಚ್ಚು ಬರುವ ಹಾಗೆ ಹಂಚಿದರು. ಒಂದು ಹೆಸರು ಸಾಕು, 'ನಾವು' ಹುಟ್ಟಿಕೊಳ್ಳುತ್ತದೆ. ಹುಟ್ಟಿದ 'ನಾವು' ಕೈಹಿಡಿದು ಎತ್ತಬಹುದು, ಕತ್ತಿಯನ್ನೂ ಹಿಡಿಸಬಹುದು. ಎರಡನೆಯದನ್ನು ತನ್ನ ಮನೆಯವರ ಸಾವಿನಲ್ಲಿ ಕಂಡವನು ಆ ಪ್ರಯೋಗ ಮಾಡಿದ್ದ.

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ ರಾಂಪುರದ ಪುಸ್ತಕ ಆಗ ಲೈಬ್ರರಿಗೆ ಹೊಸತಾಗಿ ಬಂದಿತ್ತು. ರಾಂಪುರವೆಂದು ಅವರು ಕರೆದದ್ದು ಮೈಸೂರಿಗೆ ಹತ್ತಿರದ ಕೊಡಗಹಳ್ಳಿಯನ್ನು. 1948ರಲ್ಲಿ ಅಲ್ಲಿ ಉಳಿದು ಮಾಡಿಕೊಂಡ ಟಿಪ್ಪಣಿಗಳನ್ನು ಅವರು ಪುಸ್ತಕಕ್ಕೆಂದು ವಿಂಗಡಿಸಿ ಇಟ್ಟಿದ್ದರು. 1970ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿ ಬಿದ್ದು ಆ ಪ್ರತಿಗಳು ಸುಟ್ಟುಹೋದವು. ಹೆಚ್ಚಾಗಿ ನೆನಪಿನಿಂದಲೇ ಬರೆದು 1976ರಲ್ಲಿ ಪ್ರಕಟಿಸಿದರು. ಅವರು 1959ರಲ್ಲಿ ಒಬ್ಬ ಕುಂಬಾರ ಮತ್ತು ಒಬ್ಬ ಪೂಜಾರಿಯ ನಡುವಿನ ವ್ಯಾಜ್ಯದ ಮೇಲೆ ಬರೆದ ಲೇಖನವೂ ಸಿಕ್ಕಿತು. ನಮ್ಮಂಥ ಮನೆಯ ಜಗಳ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ವಿದ್ವಾಂಸರ ವಿಷಯವಾದದ್ದನ್ನು ಕಂಡು ಅವತ್ತು ಲೈಬ್ರರಿ ಮುಚ್ಚುವವರೆಗೂ ಎದ್ದಿರಲಿಲ್ಲ. ಆ ಗೌರವ ನನಗೆ ಇಂದಿಗೂ ಇದೆ. ಆದರೆ ಅವರು ಇಳಿದುಕೊಂಡಿದ್ದದ್ದು ಊರ ಗೌಡರ ದನದ ಕೊಟ್ಟಿಗೆಯ ಮನೆಯಲ್ಲಿ. ತಮಗೆ ಕಂಡದ್ದು ಮೇಲ್ಜಾತಿಯ ಕಡೆಯಿಂದ ಕಂಡ ಊರು ಎಂದು ಅವರೇ ಪುಸ್ತಕದಲ್ಲಿ ಒಪ್ಪಿಕೊಂಡಿದ್ದಾರೆ. ಹೊಂಗೆಮರದ ಹತ್ತಿರ ನಿಂತವರಿಗೆ ಕಂಡ ಊರನ್ನು ಬರೆಯಲು ದಲಿತ ಲೇಖಕರೇ ಬರಬೇಕಾಯಿತು, ಬಂದರು.

ಕೆಲಸ ಸಿಕ್ಕ ಹೊಸತರಲ್ಲಿ ಬೆಂಗಳೂರಿನಲ್ಲಿ ಮನೆ ಹುಡುಕಿದ್ದು ಇನ್ನೊಂದು ಪಾಠ. ಬಾಡಿಗೆ, ಅಡ್ವಾನ್ಸ್ ಎಲ್ಲ ಹೊಂದಿದ ಮೇಲೆ ಮನೆಯ ಯಜಮಾನರು ಮೆಲ್ಲಗೆ, "ತಾವು ಯಾರ ಪೈಕಿ?" ಎನ್ನುತ್ತಿದ್ದರು. ಕೆಲವರು, "ನಾನ್‌ವೆಜ್ ಮಾಡ್ತೀರಾ?" ಎಂದು ಸುತ್ತುಬಳಸಿ ಬರುತ್ತಿದ್ದರು. ನಮ್ಮ ಹಳೇ ಮೈಸೂರು ಕಡೆ ಹೆಸರಿನ ಹಿಂದೆ ಊರಿನ ಅಕ್ಷರ, ತಂದೆಯ ಅಕ್ಷರ ಇರುತ್ತದೆ, ನೋಡಿದವರಿಗೆ ಏನೂ ತಿಳಿಯುವುದಿಲ್ಲ. ಆಗ ನನ್ನ ಜೊತೆ ಮನೆ ಹುಡುಕುತ್ತಿದ್ದ ಗೆಳೆಯ ಧಾರವಾಡ ಕಡೆಯವನು, ಅವನ ಅಡ್ಡಹೆಸರೇ ಕುಂಬಾರ. ಬಡಿಗೇರ, ಕಮ್ಮಾರ, ಹಡಪದ ಎಂದು ಉತ್ತರದ ಕಡೆ ಕಸುಬೇ ಹೆಸರಾಗಿ ಕೂತಿದೆ. ಅವನಿಗೆ ಆ ಪ್ರಶ್ನೆಯನ್ನು ಯಾರೂ ಕೇಳುತ್ತಿರಲಿಲ್ಲ, ಹೆಸರು ಹೇಳಿದೊಡನೆ ಮುಗಿಯುತ್ತಿತ್ತು. ಕಳಂಕವನ್ನು ಮರೆಮಾಡಬಲ್ಲವರು ಮತ್ತು ಮರೆಮಾಡಲಾಗದವರು ಎಂದು ಗಾಫ್‌ಮನ್ ಮಾಡುವ ವ್ಯತ್ಯಾಸ ನಮ್ಮಿಬ್ಬರ ನಡುವೆಯೇ ಇತ್ತು. ನನ್ನ ಪಾಡು ಸಲೀಸೆಂದು ತೋರಬಹುದು. ಮರೆಮಾಡಬಲ್ಲವನಿಗೆ ಪ್ರತಿ ಮಾತಿನಲ್ಲೂ ಎಷ್ಟು ಹೇಳಬೇಕೆಂಬ ಎಚ್ಚರವೇ ಒಂದು ಹೊರೆ. ಅವನು ಒಮ್ಮೆ ಹೇಳಿ ನಿರಾಳವಾಗಿ ನಿಲ್ಲುತ್ತಿದ್ದ. ಕೊನೆಗೆ ಇಬ್ಬರಿಗೂ ಮನೆ ಕೊಟ್ಟದ್ದು ಒಬ್ಬ ವಿಧವೆ ತಾಯಿ, ಕೇಳಿದ್ದು ಒಂದೇ ಮಾತು: "ರಾತ್ರಿ ಗೇಟು ಹಾಕ್ತೀರೇನಪ್ಪಾ?"

ಈಗ ನನ್ನ ಮಗಳು ಬೆಂಗಳೂರಿನಲ್ಲಿ ವಾರಾಂತ್ಯಕ್ಕೆ ಪಾಟರಿ ಕ್ಲಾಸಿಗೆ ಹೋಗುತ್ತಾಳೆ. ಕರೆಂಟಿನ ಚಕ್ರ, ಚೀಲದಲ್ಲಿ ಬರುವ ಹದವಾದ ಜೇಡಿ. ಒಳ್ಳೆಯ ಫೀಸು. ಅಲ್ಲಿ ಹೆಂಗಸರೇ ಹೆಚ್ಚು, ಚಕ್ರ ಮುಟ್ಟಬೇಡ ಎನ್ನುವವರಿಲ್ಲ. ಅವಳ ಕೈಯ ಜೇಡಿ ಕಂಡವರು ಕಲಾವಿದೆ ಎನ್ನುತ್ತಾರೆ. ಅವ್ವ ಇದ್ದಿದ್ದರೆ ಮೊಮ್ಮಗಳು ಚಕ್ರದ ಮುಂದೆ ಕೂತದ್ದನ್ನು ನೋಡಿ ಹಿಗ್ಗುತ್ತಿದ್ದಳು, ಅದರಲ್ಲಿ ಸಂಶಯವಿಲ್ಲ. ನನಗೂ ಹಿಗ್ಗೇ. ಮಣ್ಣಿಗೆ ಮರ್ಯಾದೆ ಬಂದದ್ದು ಮುಟ್ಟುವ ಕೈ ಬದಲಾದದ್ದರಿಂದ ಎಂಬುದನ್ನೂ ಅವಳಿಗೆ ಹೇಳಿದ್ದೇನೆ. ನಮ್ಮೂರಿನಲ್ಲಿ ಉಳಿದ ಒಂದೇ ಒಂದು ಮನೆಯವರು ದೀಪಾವಳಿಗೆ ಹಣತೆ, ಮದುವೆಗೆ ಐರಣಿ ಮಡಕೆ ಮಾಡುತ್ತಾರೆ. ಅವರನ್ನು ಯಾರೂ ಕಲಾವಿದರೆನ್ನುವುದಿಲ್ಲ. ಮಗಳು ಕಳೆದ ಬೇಸಗೆಯಲ್ಲಿ ಅಲ್ಲಿಗೆ ಹೋಗಿ, ಹಲಗೆಯಲ್ಲಿ ತಟ್ಟಿ ತಳ ಕೂಡಿಸುವುದನ್ನು ಅವರಿಂದ ಕಲಿತು ಬಂದಳು.

ಇಷ್ಟು ವರ್ಷ ಓದಿ, ಪಾಠ ಮಾಡಿ, ಬದುಕಿ ನನಗೆ ಗಟ್ಟಿಯಾದ ನಂಬಿಕೆ ಒಂದು. ಮನುಷ್ಯ ತಾನು ಯಾರೆಂಬುದನ್ನು ಮೊದಲು ಕಲಿಯುವುದು ಬೇರೆಯವರ ಬಾಯಿಂದ. ದೊಡ್ಡವನಾದ ಮೇಲೆ ಒಪ್ಪಬಹುದು, ಜಗಳವಾಡಬಹುದು, ಬೇರೆ ಊರಿಗೆ ಹೋಗಿ ಬೇರೆ ಹೆಸರು ಗಳಿಸಬಹುದು. ಹತ್ತು ವರ್ಷದ ಮಗುವಿಗೆ ಅಂಥ ದಾರಿ ಯಾವುದೂ ಇಲ್ಲ. ಅದಕ್ಕೆ ಸಿಗುವುದು ನಾವು ಆಡಿದ ಮಾತೇ. ಹಾಗಾಗಿ ನಾವು ಹೇಗೆ ಕರೆಯುತ್ತೇವೆಂಬುದು ನಮ್ಮ ಖಾಸಗಿ ಅಭ್ಯಾಸವೆಂದು ನಾನು ಒಪ್ಪುವುದಿಲ್ಲ.

ಅದಕ್ಕೇ ಶಾಲೆಯಲ್ಲಿ ಕೆಲಸ ಮಾಡುವ ನನ್ನ ಕಿರಿಯರಲ್ಲಿ ಒಂದು ಮಾತು ಕೇಳಿಕೊಳ್ಳುತ್ತೇನೆ. ಪಟ್ಟಿಗಳು ಬೇಕು, ವಿದ್ಯಾರ್ಥಿವೇತನ ಬೇಕು, ಎಣಿಕೆಯೂ ಬೇಕು. ಈಗ ಅರ್ಜಿಗಳು ಆನ್‌ಲೈನಿನಲ್ಲಿ ಹೋಗುತ್ತವೆ, ಆದರೂ ಯಾರದ್ದು ಬಾಕಿ, ಯಾರ ಪ್ರಮಾಣಪತ್ರ ಬಂದಿಲ್ಲ ಎಂದು ಇಡೀ ತರಗತಿಯ ಮುಂದೆ ಜಾತಿ, ವರ್ಗ ಹೇಳಿ ಓದುವುದು, ಪಾಲಕರ ವಾಟ್ಸ್‌ಆ್ಯಪ್ ಗುಂಪಿಗೆ ಪಟ್ಟಿ ಹಾಕುವುದು ಇನ್ನೂ ಕೆಲವು ಕಡೆ ನಡೆದಿದೆ. ದಯವಿಟ್ಟು ನಿಲ್ಲಿಸಿ. ಕಾಗದ ಕೇಳುವುದಿದ್ದರೆ ಮಗುವನ್ನು ಸ್ಟಾಫ್ ರೂಮಿಗೆ ಕರೆದು, ಹೆಸರು ಹಿಡಿದು ಕೇಳಿ.